ಮಾಗಿದರೂ ಮರಳುವ ಹಾಸಿಗೆ ಹುಣ್ಣು: ಗಾಯ ಮುಚ್ಚಿದ ಮೇಲೂ ಅಪಾಯ ಉಳಿಯುವುದೇಕೆ?

ದೀರ್ಘಕಾಲ ಹಾಸಿಗೆ ಹಿಡಿದವರನ್ನೂ ಗಾಲಿಕುರ್ಚಿಯಲ್ಲಿಯೇ ದಿನ ಕಳೆಯುವವರನ್ನೂ ಕಾಡುವ ತೊಂದರೆಗಳಲ್ಲಿ ಹಾಸಿಗೆ ಹುಣ್ಣು ಪ್ರಮುಖವಾದುದು. ಆಸ್ಪತ್ರೆಗಳಲ್ಲಿ ಬೆಡ್ ಸೋರ್ ಎಂಬ ಹೆಸರಿನಿಂದಲೇ ಇದು ಪರಿಚಿತ. ತಿಂಗಳುಗಟ್ಟಲೆ ಡ್ರೆಸ್ಸಿಂಗ್, ದುಬಾರಿ ಔಷಧಗಳು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ, ಇಷ್ಟೆಲ್ಲ ಆದ ಬಳಿಕ ಹುಣ್ಣು ಮುಚ್ಚಿಕೊಂಡಾಗ ರೋಗಿಯ ಮನೆಯವರು ನೆಮ್ಮದಿಯ ಉಸಿರು ಬಿಡುವುದು ಸಹಜ. ಆದರೆ ಈ ನೆಮ್ಮದಿ ಬಹಳ ಸಲ ಅಲ್ಪಾಯುಷಿಯಾಗಿರುತ್ತದೆ. ಕೆಲವು ತಿಂಗಳುಗಳಲ್ಲಿ ಅದೇ ಜಾಗದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಚರ್ಮ ಮತ್ತೆ ಒಡೆಯುತ್ತದೆ.

ಇದು ವೈದ್ಯಲೋಕಕ್ಕೆ ಹೊಸ ಸಂಗತಿಯೇನಲ್ಲ. 1992ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ತಜ್ಞರು 40 ರೋಗಿಗಳ 66 ಹುಣ್ಣುಗಳ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದರು. ಆಸ್ಪತ್ರೆಯಿಂದ ಬಿಡುಗಡೆಯಾಗುವ ವೇಳೆಗೆ ಶೇ. 80ರಷ್ಟು ಹುಣ್ಣುಗಳು ಮಾಗಿದ್ದವು. ಆದರೆ ಸರಾಸರಿ ಒಂಬತ್ತು ತಿಂಗಳ ಆಸುಪಾಸಿನಲ್ಲಿ ಶೇ. 61ರಷ್ಟು ಹುಣ್ಣುಗಳು ಮರುಕಳಿಸಿದ್ದವು. ಶಸ್ತ್ರಚಿಕಿತ್ಸೆ ಸೋತಿತೆಂದು ಇದರ ಅರ್ಥವಲ್ಲ. ಗಾಯವನ್ನು ಮುಚ್ಚುವುದೇ ಬೇರೆ, ಗಾಯಕ್ಕೆ ಕಾರಣವಾದುದನ್ನು ತೊಲಗಿಸುವುದೇ ಬೇರೆ ಎಂಬುದೇ ಇದರ ತಾತ್ಪರ್ಯ. ಮೊದಲನೆಯದು ಆಸ್ಪತ್ರೆಯ ಕೆಲಸ. ಎರಡನೆಯದರ ಬಹುಪಾಲು ನಡೆಯಬೇಕಾದುದು ಮನೆಯಲ್ಲಿ.

ಹುಣ್ಣು ಹುಟ್ಟುವ ಬಗೆ

ಚರ್ಮಕ್ಕೂ ಅದರ ಕೆಳಗಿನ ಕೊಬ್ಬು, ಸ್ನಾಯುಗಳಿಗೂ ಆಮ್ಲಜನಕವನ್ನು ಒಯ್ಯುವುದು ಕೂದಲಿಗಿಂತ ಸಣ್ಣದಾದ ಲೋಮನಾಳಗಳು. ದೇಹದ ಭಾರವು ಮೂಳೆಗೂ ಹಾಸಿಗೆಗೂ ನಡುವೆ ಈ ನಾಳಗಳನ್ನು ಅದುಮಿದಾಗ ರಕ್ತದ ಹರಿವು ನಿಲ್ಲುತ್ತದೆ. ಆರೋಗ್ಯವಂತನಲ್ಲಿ ಅಷ್ಟು ಹೊತ್ತಿಗೆ ನೋವು ಅಥವಾ ಜೋಮು ಎಚ್ಚರಿಕೆ ನೀಡುತ್ತದೆ. ಆತ ತನಗರಿವಿಲ್ಲದೆಯೇ ಮಗ್ಗುಲು ಬದಲಿಸುತ್ತಾನೆ. ನಿದ್ರೆಯಲ್ಲಿಯೂ ಈ ಕೆಲಸ ತಪ್ಪದೆ ನಡೆಯುತ್ತಿರುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಈ ಎಚ್ಚರಿಕೆಯೂ ಇಲ್ಲ, ಹೊರಳುವ ಶಕ್ತಿಯೂ ಇಲ್ಲ. ಪಾರ್ಶ್ವವಾಯು ಪೀಡಿತರಲ್ಲಿ, ಮರೆವಿನ ಕಾಯಿಲೆಯವರಲ್ಲಿ, ತೊಡೆಯ ಮೂಳೆ ಮುರಿದ ವೃದ್ಧರಲ್ಲಿ ಇವೆರಡರಲ್ಲಿ ಒಂದಾದರೂ ಕುಂದಿರುತ್ತದೆ.

ಒತ್ತಡವೊಂದೇ ಅಪರಾಧಿಯಲ್ಲ. ತಲೆಯ ಭಾಗವನ್ನು ಎತ್ತರಿಸಿದ ಮಂಚದಲ್ಲಿ ರೋಗಿಯ ದೇಹ ಮೆಲ್ಲನೆ ಕೆಳಗೆ ಜಾರುತ್ತದೆ. ಆಗ ಚರ್ಮ ಬಟ್ಟೆಗೆ ಅಂಟಿಕೊಂಡು ಇದ್ದಲ್ಲಿಯೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಈ ಎಳೆತಕ್ಕೆ ಸಿಕ್ಕ ರಕ್ತನಾಳಗಳು ತಿರುಚಿಕೊಳ್ಳುತ್ತವೆ, ಹರಿಯುತ್ತವೆ. ಬೆವರು, ಮೂತ್ರ, ಮಲಗಳ ತೇವವು ಚರ್ಮವನ್ನು ಮೆತ್ತಗಾಗಿಸಿ ಅದರ ಪ್ರತಿರೋಧವನ್ನು ತಗ್ಗಿಸುತ್ತದೆ. ಸೊಂಟದ ಹಿಂಭಾಗದ ತ್ರಿಕಾಸ್ಥಿ, ಕುಳಿತಾಗ ಭಾರ ಹೊರುವ ಪೃಷ್ಠದ ಮೂಳೆಗಳು, ತೊಡೆಯ ಹೊರಬದಿಯ ಮೂಳೆಯ ಉಬ್ಬು, ಹಿಮ್ಮಡಿ, ಕಾಲಿನ ಗಂಟು, ಮಲಗಿಯೇ ಇರುವವರ ತಲೆಯ ಹಿಂಭಾಗ, ಇವು ಹೆಚ್ಚಾಗಿ ಹುಣ್ಣಾಗುವ ತಾಣಗಳು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒತ್ತಡಕ್ಕೆ ಚರ್ಮಕ್ಕಿಂತ ಬೇಗ ಬಲಿಯಾಗುವುದು ಮೂಳೆಗೆ ಹೊಂದಿಕೊಂಡ ಸ್ನಾಯು. ಹಾಗಾಗಿ ಮೇಲೆ ಕಾಣುವ ಸಣ್ಣ ಕಲೆಯ ಅಡಿಯಲ್ಲಿ ದೊಡ್ಡ ಗುಳಿಯೇ ಇರಬಹುದು. ಹೊರಗಿನಿಂದ ನೋಡಿ ಹುಣ್ಣಿನ ಆಳವನ್ನು ನಿರ್ಧರಿಸುವುದು ಅನೇಕ ಸಲ ತಪ್ಪಾಗುವುದು ಈ ಕಾರಣದಿಂದಲೇ.

ಮಾಗಿದ ಚರ್ಮ ಮೊದಲಿನ ಚರ್ಮವಲ್ಲ

ಹಾಸಿಗೆ ಹುಣ್ಣುಗಳನ್ನು ವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಒತ್ತಿದರೂ ಮಾಯವಾಗದ ಕೆಂಪು ಮೊದಲ ಹಂತ. ಚರ್ಮದ ಮೇಲ್ಪದರ ಹರಿದುಹೋಗುವುದು ಎರಡನೆಯದು. ಕೊಬ್ಬಿನ ಪದರದವರೆಗೆ ಇಳಿದುದು ಮೂರನೆಯದು. ಸ್ನಾಯು, ಸ್ನಾಯುರಜ್ಜು ಅಥವಾ ಮೂಳೆ ತೆರೆದುಕೊಂಡರೆ ನಾಲ್ಕನೆಯದು. ಮೊದಲೆರಡು ಹಂತಗಳಲ್ಲಿ ಚರ್ಮ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಬಲ್ಲದು. ಆದರೆ ಮೂರು, ನಾಲ್ಕನೆಯ ಹಂತದ ಹುಣ್ಣು ಮಾಗುವಾಗ ಕಳೆದುಹೋದ ಕೊಬ್ಬು, ಸ್ನಾಯುಗಳು ಮತ್ತೆ ಬೆಳೆಯುವುದಿಲ್ಲ. ಆ ಗುಳಿಯನ್ನು ತುಂಬುವುದು ನಾರಿನಂಥ ಕಲೆಯ ಅಂಗಾಂಶ ಮಾತ್ರ.

ಈ ಅಂಗಾಂಶವು ಎಷ್ಟೇ ಕಾಲ ಕಳೆದರೂ ಮೂಲ ಚರ್ಮದ ಬಲದ ಶೇ. 80ಕ್ಕಿಂತ ಹೆಚ್ಚನ್ನು ಪಡೆಯುವುದಿಲ್ಲವೆಂಬುದು ಶಸ್ತ್ರಚಿಕಿತ್ಸಾ ಶಾಸ್ತ್ರದ ಸ್ಥೂಲ ಲೆಕ್ಕ. ಗಾಯ ಮುಚ್ಚಿದ ಮೊದಲ ವಾರಗಳಲ್ಲಂತೂ ಈ ಬಲ ಇನ್ನೂ ತೀರ ಕಡಿಮೆ. ಕಲೆಯ ಅಂಗಾಂಶದಲ್ಲಿ ಹಿಗ್ಗುವ ಗುಣ ಕಡಿಮೆ, ಮೂಳೆಗೂ ಹೊರಗಿನ ಭಾರಕ್ಕೂ ನಡುವೆ ಇದ್ದ ಸಹಜ ಮೆತ್ತೆಯೂ ಹೋಗಿರುತ್ತದೆ. ಆದಕಾರಣ ಮೊದಲು ಎರಡು ಗಂಟೆ ತಡೆದುಕೊಂಡ ಜಾಗ ಈಗ ಅಷ್ಟು ಹೊತ್ತು ತಡೆಯಲಾರದು. ನಾಲ್ಕನೆಯ ಹಂತದ ಹುಣ್ಣು ಮಾಗುತ್ತ ಬಂದಾಗ ಅದನ್ನು ಮೂರು, ಎರಡು, ಒಂದು ಎಂದು ಇಳಿಸಿ ಬರೆಯಬಾರದು, ಮಾಗಿದ ನಾಲ್ಕನೆಯ ಹಂತದ ಹುಣ್ಣು ಎಂದೇ ದಾಖಲಿಸಬೇಕು ಎಂಬ ನಿಯಮ ಬಂದಿರುವುದು ಇದಕ್ಕಾಗಿಯೇ. ಡಿಸ್ಚಾರ್ಜ್ ಚೀಟಿಯಲ್ಲಿ ಈ ಒಂದು ಸಾಲು ಇದ್ದರೆ ಮುಂದೆ ಆ ರೋಗಿಯನ್ನು ನೋಡುವ ಯಾವುದೇ ವೈದ್ಯರಿಗೆ, ದಾದಿಯರಿಗೆ ಎಚ್ಚರಿಕೆಯ ಗಂಟೆಯಾಗುತ್ತದೆ.

ಇನ್ನೊಂದು ಗುಪ್ತ ಕಾರಣ ಮೂಳೆಯ ಸೋಂಕು. ಆಳವಾದ ಹುಣ್ಣಿನ ತಳದಲ್ಲಿರುವ ಮೂಳೆಗೆ ಸೋಂಕು ತಗುಲಿದ್ದು, ಅದು ಪೂರ್ತಿ ಗುಣವಾಗುವ ಮೊದಲೇ ಮೇಲಿನ ಚರ್ಮ ಕೂಡಿಕೊಂಡರೆ ಒಳಗೆ ಕೀವು ಶೇಖರವಾಗುತ್ತದೆ. ಕೆಲ ಕಾಲದ ಬಳಿಕ ಸಣ್ಣ ರಂಧ್ರವೊಂದು ತೆರೆದು ಸ್ರಾವ ಶುರುವಾಗುತ್ತದೆ. ಮನೆಯವರಿಗೆ ಇದು ಹೊಸ ಹುಣ್ಣಿನಂತೆ ಕಂಡರೂ ವಾಸ್ತವದಲ್ಲಿ ಹಳೆಯದೇ ಮುಗಿದಿರುವುದಿಲ್ಲ.

ವಿಧಿಯೆಂದು ಕೈಚೆಲ್ಲಿದ ಕಾಲ

ಬೆನ್ನುಹುರಿಗೆ ಪೆಟ್ಟಾದವರಿಗೆ ಹುಣ್ಣಾಗುವುದು ಅನಿವಾರ್ಯವೆಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ಅದಕ್ಕೊಂದು ಇತಿಹಾಸವೂ ಇದೆ. ಹತ್ತೊಂಬತ್ತನೆಯ ಶತಮಾನದ ಪ್ರಖ್ಯಾತ ಫ್ರೆಂಚ್ ನರರೋಗ ತಜ್ಞ ಜಾನ್ ಮಾರ್ಟಿನ್ ಷಾರ್ಕೋ, ನರಗಳ ಹಾನಿಯೇ ನೇರವಾಗಿ ಚರ್ಮವನ್ನು ಕೊಳೆಯಿಸುತ್ತದೆಂದು ನಂಬಿದ್ದರು. ಹುಣ್ಣು ಕಾಣಿಸಿಕೊಂಡಿತೆಂದರೆ ಸಾವು ಸಮೀಪಿಸಿತೆಂಬುದು ಆ ಕಾಲದ ವೈದ್ಯರ ಗ್ರಹಿಕೆಯಾಗಿತ್ತು. ಆದರೆ ಅವರಿಗಿಂತ ಮೊದಲೇ, 1850ರ ದಶಕದಲ್ಲಿ, ಬ್ರೌನ್ ಸೆಕಾರ್ ಎಂಬ ಶರೀರಶಾಸ್ತ್ರಜ್ಞರು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬೇರೆಯದೇ ಸಂಗತಿಯನ್ನು ಕಂಡುಕೊಂಡಿದ್ದರು. ಬೆನ್ನುಹುರಿ ತುಂಡಾಗಿದ್ದರೂ ಒತ್ತಡ ಹಾಗೂ ತೇವದಿಂದ ಕಾಪಾಡಿದರೆ ಹುಣ್ಣಾಗುವುದಿಲ್ಲ ಎಂಬುದೇ ಆ ಸಂಗತಿ. ಷಾರ್ಕೋ ಅವರ ಹೆಸರಿನ ಪ್ರಭಾವದ ಮುಂದೆ ಈ ಮಾತು ಬಹುಕಾಲ ಮಂಕಾಯಿತು.

ಈ ನಿರಾಶೆಯನ್ನು ಮುರಿದವರು ಲುಡ್ವಿಗ್ ಗುಟ್‌ಮನ್. ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದಿದ್ದ ಅವರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ವಹಿಸಿಕೊಂಡರು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲು ಬದಲಿಸಬೇಕೆಂಬುದು ಅವರು ಜಾರಿಗೆ ತಂದ ಕಟ್ಟುನಿಟ್ಟಿನ ಶಿಸ್ತು. ಕೆಲವೇ ಕಾಲದ ಅತಿಥಿಗಳೆಂದು ಭಾವಿಸಲಾಗಿದ್ದ ಸೈನಿಕರು ಬದುಕಿದರು, ದುಡಿದರು, ಆಟೋಟಗಳಲ್ಲಿ ತೊಡಗಿದರು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಮೂಲ ಅಲ್ಲಿದೆ.

ನೋವಿನ ಅರಿವಿಲ್ಲದ ಚರ್ಮವನ್ನು ಕುರಿತ ಇಂಥದೇ ಪಾಠ ನಮ್ಮ ನೆರೆಯ ವೆಲ್ಲೂರಿನಲ್ಲಿಯೂ ದೊರೆಯಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದಗಳಲ್ಲಿ ಮರುಕಳಿಸುವ ಹುಣ್ಣುಗಳಿಗೆ ರೋಗಾಣುವಿಗಿಂತ ಹೆಚ್ಚಾಗಿ ಸ್ಪರ್ಶಜ್ಞಾನದ ನಷ್ಟವೇ ಕಾರಣವೆಂದು ತೋರಿಸಿದರು. ಅವರೊಂದಿಗೆ ದುಡಿದ ಡಾ. ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಆದರೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದರು. 1966ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಪುನರ್ವಸತಿ ಕೇಂದ್ರದ ಹಿಂದಿನ ಚೇತನ ಅವರೇ.

ಆದಾಗ್ಯೂ ಈ ಶತ್ರುವನ್ನು ಲಘುವಾಗಿ ಕಾಣುವಂತಿಲ್ಲ. ಸೂಪರ್‌ಮ್ಯಾನ್ ಪಾತ್ರದಿಂದ ಜಗತ್ಪ್ರಸಿದ್ಧರಾದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗಿನ ಸ್ವಾಧೀನ ಕಳೆದುಕೊಂಡರು. ಉತ್ತಮ ಆರೈಕೆಯ ಅನುಕೂಲವಿದ್ದ ಅವರನ್ನೂ ಒತ್ತಡದ ಹುಣ್ಣುಗಳು ಬಿಡಲಿಲ್ಲ. ಅಂಥದೊಂದು ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದಾಗಲೇ ಹೃದಯ ಸ್ತಂಭನವಾಗಿ 2004ರ ಅಕ್ಟೋಬರ್ 10ರಂದು ಅವರು ಕೊನೆಯುಸಿರೆಳೆದರು.

ಯಾರಿಗೆ ಅಪಾಯ ಹೆಚ್ಚು?

ಹುಣ್ಣು ಮರುಕಳಿಸುವ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳಲ್ಲಿ ಮೊದಲನೆಯದು, ಹಿಂದೊಮ್ಮೆ ಹುಣ್ಣಾಗಿರುವುದೇ. ಆಸ್ಪತ್ರೆಗಳಲ್ಲಿ ಅಪಾಯವನ್ನು ಅಳೆಯಲು ಬಳಸುವ ಬ್ರೇಡನ್ ಮಾಪಕವು ಸ್ಪರ್ಶಜ್ಞಾನ, ತೇವ, ಚಟುವಟಿಕೆ, ಚಲನೆ, ಪೋಷಣೆ, ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಅಂಕ ನೀಡುತ್ತದೆ. ಒಟ್ಟು ಅಂಕ 6ರಿಂದ 23ರವರೆಗೆ ಇರುತ್ತದೆ. ಅಂಕ ತಗ್ಗಿದಷ್ಟೂ ಅಪಾಯ ಹೆಚ್ಚು. ಆದರೆ ಹಿಂದೆ ಹುಣ್ಣಾಗಿತ್ತೇ ಎಂಬ ಪ್ರಶ್ನೆ ಈ ಮಾಪಕದಲ್ಲಿ ಇಲ್ಲ. ಆದ್ದರಿಂದ ಅಂಕ ಎಷ್ಟೇ ಚೆನ್ನಾಗಿದ್ದರೂ ಒಮ್ಮೆ ಹುಣ್ಣಾದವರನ್ನು ಅಪಾಯದಲ್ಲಿರುವವರೆಂದೇ ಪರಿಗಣಿಸುವುದು ಕ್ಷೇಮ.

2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನವು ಫ್ಲ್ಯಾಪ್ ಶಸ್ತ್ರಚಿಕಿತ್ಸೆಗೆ ಒಳಗಾದ 227 ರೋಗಿಗಳನ್ನು ಪರಿಶೀಲಿಸಿತು. ಪಕ್ಕದ ಆರೋಗ್ಯಕರ ಸ್ನಾಯು ಹಾಗೂ ಚರ್ಮವನ್ನು ರಕ್ತನಾಳಗಳ ಸಮೇತ ತಿರುಗಿಸಿ ಗುಳಿಯನ್ನು ಮುಚ್ಚುವ ವಿಧಾನವೇ ಫ್ಲ್ಯಾಪ್. ಈ ರೋಗಿಗಳಲ್ಲಿ ಹುಣ್ಣು ಮರುಕಳಿಸಿದ ಪ್ರಮಾಣ ಶೇ. 39. ಅದೇ ಜಾಗದಲ್ಲಿ ಹಿಂದಿನ ಶಸ್ತ್ರಚಿಕಿತ್ಸೆ ವಿಫಲವಾಗಿದ್ದುದು, ಕುಳಿತಾಗ ಭಾರ ಹೊರುವ ಪೃಷ್ಠದ ಮೂಳೆಯ ಮೇಲಿನ ಹುಣ್ಣು, ಹತೋಟಿಯಲ್ಲಿಲ್ಲದ ಮಧುಮೇಹ, ಇವು ವೈಫಲ್ಯದ ಮುನ್ಸೂಚನೆಗಳಾಗಿ ಕಂಡುಬಂದವು. ಅಚ್ಚರಿಯ ಸಂಗತಿಯೆಂದರೆ 45 ವರ್ಷಕ್ಕಿಂತ ಕಿರಿಯರಲ್ಲಿಯೂ ತೊಡಕುಗಳು ಹೆಚ್ಚಾಗಿದ್ದವು. ದುಡಿಯುವ ವಯಸ್ಸಿನವರು ಹೆಚ್ಚು ಹೊತ್ತು ಕುಳಿತಿರುತ್ತಾರೆ, ಬೇಗನೆ ಓಡಾಟಕ್ಕೆ ಮರಳುತ್ತಾರೆ ಎಂಬುದನ್ನು ನೆನೆದರೆ ಇದು ಅರ್ಥವಾಗದ ಸಂಗತಿಯೇನಲ್ಲ.

ಉಳಿದ ಅಂಶಗಳು ಹೀಗಿವೆ. ಧೂಮಪಾನವು ರಕ್ತನಾಳಗಳನ್ನು ಕುಗ್ಗಿಸಿ, ಮೊದಲೇ ಬಡವಾದ ಅಂಗಾಂಶಕ್ಕೆ ಆಮ್ಲಜನಕವನ್ನು ಮತ್ತಷ್ಟು ಕಡಿಮೆ ಮಾಡುತ್ತದೆ. ರಕ್ತಹೀನತೆಯ ಪರಿಣಾಮವೂ ಅದೇ. ಸ್ನಾಯುಗಳ ಸೆಡೆತ ಇರುವವರಲ್ಲಿ ಕಾಲುಗಳು ತಾವಾಗಿಯೇ ಹಾಸಿಗೆಗೆ ಉಜ್ಜುತ್ತವೆ. ಕೀಲುಗಳು ಮಡಿಚಿಕೊಂಡು ಬಿಗಿಯಾದವರನ್ನು ಸರಿಯಾದ ಭಂಗಿಯಲ್ಲಿ ಮಲಗಿಸುವುದೇ ದುಸ್ತರ. ಮಲಮೂತ್ರಗಳ ಹತೋಟಿ ತಪ್ಪಿದವರಲ್ಲಿ ತೇವದ ಕಾಟ. ದೇಹದ ತೂಕ ತೀರ ಇಳಿದರೆ ಮೂಳೆಯ ಮೇಲಿನ ಹೊದಿಕೆ ತೆಳುವಾಗುತ್ತದೆ, ಏರಿದರೆ ಹೊರಳಿಸುವುದು ಕಷ್ಟವಾಗುತ್ತದೆ. ಖಿನ್ನತೆ ಮತ್ತು ಮದ್ಯಪಾನಗಳು ತನ್ನ ದೇಹವನ್ನು ತಾನು ನೋಡಿಕೊಳ್ಳುವ ಮನಸ್ಸನ್ನೇ ಕಸಿಯುತ್ತವೆ. ಇವೆಲ್ಲದರ ಜೊತೆಗೆ ಯಾವ ಪ್ರಯೋಗಾಲಯವೂ ಅಳೆಯದ ಒಂದು ಅಂಶವಿದೆ. ಅದು ಆರೈಕೆ ಮಾಡುವವರ ದಣಿವು. ಮನೆಯಲ್ಲಿ ಒಬ್ಬರೇ, ಬಹುತೇಕ ಹೆಂಡತಿ ಅಥವಾ ತಾಯಿ, ರಾತ್ರಿಯಿಡೀ ಎದ್ದು ಮಗ್ಗುಲು ಬದಲಿಸುತ್ತಿದ್ದರೆ ಆ ವ್ಯವಸ್ಥೆ ಬಹುಕಾಲ ನಡೆಯಲಾರದು.

ಶಸ್ತ್ರಚಿಕಿತ್ಸೆಯ ನಂತರದ ವಾರಗಳು

ಫ್ಲ್ಯಾಪ್ ಶಸ್ತ್ರಚಿಕಿತ್ಸೆಗೆ ಒಂದು ಮಿತಿಯಿದೆ. ದೇಹದಲ್ಲಿ ಹೀಗೆ ತಿರುಗಿಸಿ ಬಳಸಬಹುದಾದ ಸ್ನಾಯು, ಚರ್ಮಗಳ ದಾಸ್ತಾನು ಅಪಾರವಲ್ಲ. ಪ್ರತಿ ಮರುಕಳಿಕೆಯೂ ಮುಂದಿನ ಶಸ್ತ್ರಚಿಕಿತ್ಸೆಯ ಆಯ್ಕೆಗಳನ್ನು ಕಡಿಮೆ ಮಾಡುತ್ತದೆ. ಒಂದು ಬದಿಯ ಪೃಷ್ಠದ ಮೂಳೆಯನ್ನು ಪೂರ್ತಿಯಾಗಿ ತೆಗೆದರೆ ಭಾರವೆಲ್ಲ ಇನ್ನೊಂದು ಬದಿಗೆ ಬಿದ್ದು ಅಲ್ಲಿ ಹೊಸ ಹುಣ್ಣಾಗುವ ಸಂಭವವುಂಟು. ಆದಕಾರಣ ಮೊದಲ ಶಸ್ತ್ರಚಿಕಿತ್ಸೆಯ ಫಲವನ್ನು ಕಾಪಾಡಿಕೊಳ್ಳುವುದು ಅತ್ಯಂತ ಮುಖ್ಯ.

ಸಾಮಾನ್ಯವಾಗಿ ಮೂರರಿಂದ ಆರು ವಾರಗಳ ಕಾಲ ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿರಬೇಕಾಗುತ್ತದೆ. ಆ ಬಳಿಕ ಕುಳಿತುಕೊಳ್ಳುವುದನ್ನು ಹಂತಹಂತವಾಗಿ ಆರಂಭಿಸಲಾಗುತ್ತದೆ. ಮೊದಲ ದಿನಗಳಲ್ಲಿ ಒಮ್ಮೆಗೆ ಹತ್ತು ಹದಿನೈದು ನಿಮಿಷ ಮಾತ್ರ. ಪ್ರತಿ ಸಲ ಮಲಗಿಸಿದ ಮೇಲೆ ಚರ್ಮವನ್ನು ಪರೀಕ್ಷಿಸಬೇಕು. ಮೂಡಿದ ಕೆಂಪು ಅರ್ಧ ಗಂಟೆಯೊಳಗೆ ಮಾಯವಾದರೆ ಸಮಯವನ್ನು ಸ್ವಲ್ಪ ಹೆಚ್ಚಿಸಬಹುದು, ಇಲ್ಲವಾದರೆ ಹಿಂದಿನ ಹಂತಕ್ಕೆ ಮರಳಬೇಕು. ದೂರದ ಊರಿನಿಂದ ಬಂದ ರೋಗಿಯನ್ನು ಈ ಅಭ್ಯಾಸ ಮುಗಿಯುವ ಮೊದಲೇ ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋದರೆ ಹೊಲಿಗೆ ಬಿಚ್ಚಿಕೊಳ್ಳಲು ಅದೊಂದೇ ಪ್ರಯಾಣ ಸಾಕು. ಮಲಗಿಸಿಕೊಂಡು ಹೋಗುವ ಏರ್ಪಾಡನ್ನು ಮೊದಲೇ ಯೋಚಿಸಿರಬೇಕು.

ಕುಳಿತುಕೊಳ್ಳುವ ಲೆಕ್ಕ

ಗಾಲಿಕುರ್ಚಿ ಬಳಸುವವರಿಗೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಪೃಷ್ಠದ ಮೇಲಿನ ಭಾರವನ್ನು ಇಳಿಸಬೇಕೆಂದು ಕಲಿಸಲಾಗುತ್ತದೆ. ಅನೇಕರು ಕುರ್ಚಿಯ ಕೈಗಳನ್ನು ಒತ್ತಿ ದೇಹವನ್ನು ಕ್ಷಣಕಾಲ ಎತ್ತಿ ಇಳಿಸಿದರೆ ಸಾಕೆಂದು ಭಾವಿಸುತ್ತಾರೆ. 2003ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ಈ ಭಾವನೆಯನ್ನು ಅಲುಗಾಡಿಸಿತು. ಭಾರ ಇಳಿಸಿದ ಮೇಲೆ ಅಂಗಾಂಶದಲ್ಲಿ ಆಮ್ಲಜನಕ ಮೊದಲಿನ ಮಟ್ಟಕ್ಕೆ ಮರಳಲು ಸರಾಸರಿ 1 ನಿಮಿಷ 51 ಸೆಕೆಂಡು ಬೇಕೆಂದು ಅದು ತೋರಿಸಿತು. ಅಷ್ಟು ಹೊತ್ತು ಕೈಬಲದಿಂದ ದೇಹವನ್ನು ಎತ್ತಿ ಹಿಡಿಯುವುದು ಬಲಿಷ್ಠರಿಗೂ ಅಸಾಧ್ಯ, ಭುಜಗಳಿಗೂ ಹಾನಿಕರ. ಮುಂದಿನ ಮೇಜಿನ ಮೇಲೆ ಮೊಣಕೈ ಊರಿ ಎದೆಯನ್ನು ತೊಡೆಯತ್ತ ಬಾಗಿಸುವುದು, ಒಂದು ಪಕ್ಕಕ್ಕೆ ಒರಗಿ ಆಮೇಲೆ ಇನ್ನೊಂದು ಪಕ್ಕಕ್ಕೆ ಒರಗುವುದು, ಇವು ಎರಡು ನಿಮಿಷ ಮಾಡಲು ಸಾಧ್ಯವಾದ ಸುಲಭ ಉಪಾಯಗಳು. ಕಚೇರಿಯಲ್ಲಿ, ಅಂಗಡಿಯಲ್ಲಿ ಕೂತವರು ಮೊಬೈಲ್ ಫೋನಿನ ಅಲಾರಂ ಇಟ್ಟುಕೊಂಡರೆ ಮರೆಯುವ ಪ್ರಮೇಯವಿಲ್ಲ.

ಕುರ್ಚಿಯ ಮೆತ್ತೆಯೂ ಶಾಶ್ವತವಲ್ಲ. ಫೋಮ್ ಮೆತ್ತೆ ಕಾಲಕ್ರಮೇಣ ಕುಗ್ಗುತ್ತದೆ, ಗಾಳಿಯ ಮೆತ್ತೆಯಲ್ಲಿ ಗಾಳಿ ಇಳಿಯುತ್ತದೆ. ರೋಗಿ ಕುಳಿತಿರುವಾಗ ಮೆತ್ತೆಯ ಅಡಿಗೆ ಅಂಗೈ ತೂರಿಸಿ ನೋಡಿದಾಗ ಮೂಳೆಗೂ ಕೈಗೂ ನಡುವೆ ಒಂದು ಅಂಗುಲದಷ್ಟಾದರೂ ಮೆತ್ತೆ ಉಳಿದಿಲ್ಲವೆನಿಸಿದರೆ ಅದು ಕೆಲಸಕ್ಕೆ ಬಾರದೆಂದೇ ಅರ್ಥ. ನಡುವೆ ತೂತಿರುವ ಉಂಗುರದಾಕಾರದ ಗಾಳಿ ದಿಂಬು ಔಷಧದ ಅಂಗಡಿಗಳಲ್ಲಿ ಈಗಲೂ ಮಾರಾಟವಾಗುತ್ತದೆ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ತಡೆಯುವುದರಿಂದ ಅದನ್ನು ಬಳಸಬಾರದು.

ನಮ್ಮ ಮನೆಗಳ ರೂಢಿಗಳೂ ಕೆಲವೊಮ್ಮೆ ಅಪಾಯ ತರುತ್ತವೆ. ಸ್ಪರ್ಶಜ್ಞಾನವಿಲ್ಲದವರು ಊಟಕ್ಕೆಂದು ಗಟ್ಟಿ ನೆಲದ ಮೇಲೆ ಕೂರುವುದು, ಚಕ್ಕಳಮಕ್ಕಳ ಹಾಕಿ ಕಾಲಿನ ಗಂಟುಗಳ ಮೇಲೆ ಭಾರ ಬಿಡುವುದು, ಶೌಚಕ್ಕೆ ಬಳಸುವ ಕುರ್ಚಿಯ ಗಟ್ಟಿ ಅಂಚಿನ ಮೇಲೆ ಬಹಳ ಹೊತ್ತು ಕುಳಿತಿರುವುದು, ಹಾಸಿಗೆ ನೆನೆಯದಿರಲೆಂದು ಹಾಸಿದ ರೆಕ್ಸಿನ್ ಬೆವರನ್ನು ಹಿಡಿದಿಡುವುದು, ಹಿಂಜೇಬಿನ ಪರ್ಸು, ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ, ಚಳಿಗೆಂದು ಇಟ್ಟ ಬಿಸಿನೀರಿನ ಚೀಲ, ಇವೆಲ್ಲ ಸಣ್ಣ ಸಂಗತಿಗಳಂತೆ ಕಂಡರೂ ಚರ್ಮಕ್ಕೆ ಸಣ್ಣವಲ್ಲ. ಹಾಗೆಯೇ ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಒಳಗಿನ ನಾಳಗಳನ್ನು ಇನ್ನಷ್ಟು ಹರಿಯುತ್ತದೆ. ಆ ಜಾಗಕ್ಕೆ ಬೇಕಾದುದು ಮಾಲೀಸಲ್ಲ, ಬಿಡುವು.

ಹಾಸಿಗೆಯಲ್ಲಿರುವವರನ್ನು ನೇರವಾಗಿ ಪಕ್ಕದ ಮೂಳೆಯ ಮೇಲೆ ಮಲಗಿಸುವ ಬದಲು ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸುವುದು ಲೇಸು. ವೈದ್ಯರು ಬೇರೆ ಕಾರಣಕ್ಕೆ ಸೂಚಿಸದಿದ್ದರೆ ತಲೆಯ ಭಾಗವನ್ನೂ 30 ಡಿಗ್ರಿಗಿಂತ ಹೆಚ್ಚು ಎತ್ತರಿಸಬಾರದು. ಮೀನಖಂಡದ ಕೆಳಗೆ ಉದ್ದಕ್ಕೂ ದಿಂಬು ಇಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಮೇಲಕ್ಕೆ ಸರಿಸುವಾಗ ಎಳೆಯದೆ, ಮಡಚಿದ ಹೊದಿಕೆಯ ಸಹಾಯದಿಂದ ಇಬ್ಬರು ಎತ್ತಿ ಸರಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಎಂಬುದು ಆರಂಭದ ನಿಯಮ. ಒಳ್ಳೆಯ ಹಾಸಿಗೆಯಿದ್ದರೆ, ಚರ್ಮ ತಡೆದುಕೊಳ್ಳುತ್ತಿದ್ದರೆ, ಈ ಅಂತರವನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಹೆಚ್ಚಿಸಬಹುದು. ಇದರಿಂದ ಆರೈಕೆದಾರರಿಗೂ ಸ್ವಲ್ಪ ನಿದ್ರೆ ದೊರೆಯುತ್ತದೆ. ಗಾಳಿ ತುಂಬುವ ಹಾಸಿಗೆ ತಂದರೆ ಮಗ್ಗುಲು ಬದಲಿಸಬೇಕಿಲ್ಲವೆಂಬುದು ಮಾತ್ರ ತಪ್ಪು ತಿಳಿವಳಿಕೆ.

ಕಣ್ಣಿಗಿಂತ ಕೈ ಮೇಲು

ಪಠ್ಯಪುಸ್ತಕಗಳು ಹೇಳುವ ಕೆಂಪು ಬಣ್ಣ ಬಿಳಿ ಚರ್ಮದಲ್ಲಿ ಎದ್ದು ಕಾಣುತ್ತದೆ. ಕಂದು, ಕಪ್ಪು ಚರ್ಮದಲ್ಲಿ ಅದು ಕಾಣದೆಯೇ ಹೋಗಬಹುದು. ಹೀಗಾಗಿ ನಮ್ಮಲ್ಲಿ ಮೊದಲ ಹಂತದ ಹುಣ್ಣು ಕಣ್ತಪ್ಪಿ, ಚರ್ಮ ಒಡೆದ ಮೇಲಷ್ಟೇ ಗೊತ್ತಾಗುವುದುಂಟು. ಇದಕ್ಕೆ ಪರಿಹಾರ ಸ್ಪರ್ಶ. ಬೆರಳುಗಳಿಂದ ಮುಟ್ಟಿ, ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ ಅಥವಾ ತಣ್ಣಗಿದೆಯೇ, ಗಡುಸಾಗಿದೆಯೇ ಅಥವಾ ಹಿಟ್ಟಿನಂತೆ ಮೆತ್ತಗಿದೆಯೇ ಎಂದು ಹೋಲಿಸಬೇಕು. ಸುತ್ತಲಿಗಿಂತ ಗಾಢವಾದ ಅಥವಾ ನೇರಳೆ ಛಾಯೆಯ ಕಲೆ ಕಂಡರೂ ಎಚ್ಚರ ವಹಿಸಬೇಕು. ಬೆಳಿಗ್ಗೆ ಏಳುವ ಮುನ್ನ, ರಾತ್ರಿ ಮಲಗುವ ಮುನ್ನ, ಹೀಗೆ ದಿನಕ್ಕೆರಡು ಬಾರಿ ಪರೀಕ್ಷೆ ನಡೆಯಬೇಕು. ಕೈಗಳಲ್ಲಿ ಸ್ವಾಧೀನ ಇರುವವರು ಉದ್ದ ಹಿಡಿಯ ಕನ್ನಡಿಯಿಂದ ತಾವೇ ನೋಡಿಕೊಳ್ಳಬಹುದು. ಹಳೆಯ ಕಲೆಯ ಜಾಗವನ್ನು ಎಂದಿಗೂ ಬಿಡಬಾರದು.

ತಟ್ಟೆಯಲ್ಲಿರಬೇಕಾದುದು

ಹುಣ್ಣು ಇರುವವರಿಗೆ ಅಥವಾ ಅದರ ಅಪಾಯದಲ್ಲಿದ್ದು ಪೋಷಣೆ ಕುಂದಿದವರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1.25ರಿಂದ 1.5 ಗ್ರಾಂ ಪ್ರೋಟೀನು ಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಅಂದರೆ 60 ಕಿಲೋ ತೂಕದವರಿಗೆ 75ರಿಂದ 90 ಗ್ರಾಂ. ಅನ್ನ ಸಾರು, ಗಂಜಿ, ರಾಗಿ ಮುದ್ದೆಗಳಿಂದ ಮಾತ್ರ ಈ ಪ್ರಮಾಣ ತಲುಪಲಾಗದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, 100 ಗ್ರಾಂ ಒಣ ಬೇಳೆ ಅಥವಾ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ. ಮೊಳಕೆ ಕಾಳು, ಮೊಸರು, ಕಡಲೆಬೀಜ, ಮೀನುಗಳನ್ನು ಸೇರಿಸಿ ಪ್ರತಿ ಹೊತ್ತಿನ ಊಟದಲ್ಲಿಯೂ ಪ್ರೋಟೀನು ಹಂಚಿಹೋಗುವಂತೆ ನೋಡಿಕೊಳ್ಳಬೇಕು. ಹುಣ್ಣು ಕೀವಾಗುತ್ತದೆಂಬ ನಂಬಿಕೆಯಿಂದ ಬೇಳೆ, ಮೊಟ್ಟೆಗಳನ್ನು ಪಥ್ಯವೆಂದು ಬಿಡಿಸುವುದು ಮಾಗುವಿಕೆಯನ್ನೇ ತಡೆದಂತೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿಶ್ಚಯಿಸಿಕೊಳ್ಳಬೇಕು.

ತಿಂಗಳಿಗೊಂದು ಕರೆ ಮಾಡಿದ ಕೆಲಸ

ಮರುಕಳಿಕೆಯನ್ನು ನಿಜಕ್ಕೂ ತಡೆಯಬಹುದೇ? ಅಮೆರಿಕದ ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯ ಅಧ್ಯಯನವೊಂದು ಇದಕ್ಕೆ ಆಶಾದಾಯಕ ಉತ್ತರ ನೀಡಿದೆ. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬೆನ್ನುಹುರಿ ಗಾಯಾಳುಗಳಾದ, ಹುಣ್ಣಿಗೆ ಶಸ್ತ್ರಚಿಕಿತ್ಸೆ ಪಡೆದ 41 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ಮೊದಲ ಗುಂಪಿನವರಿಗೆ ಅವರವರ ಪರಿಸ್ಥಿತಿಗೆ ತಕ್ಕಂತೆ ಹುಣ್ಣು ತಡೆಯುವ ಶಿಕ್ಷಣ ನೀಡಿ, ಬಿಡುಗಡೆಯಾದ ಮೇಲೆ ತಿಂಗಳಿಗೊಮ್ಮೆ ಸಂಪರ್ಕಿಸಿ ಅದೇ ವಿಷಯವನ್ನು ವಿಚಾರಿಸಲಾಯಿತು. ಎರಡನೆಯ ಗುಂಪಿಗೆ ವಿಶೇಷ ಶಿಕ್ಷಣವಿಲ್ಲದೆ ತಿಂಗಳ ಸಂಪರ್ಕ ಮಾತ್ರ. ಮೂರನೆಯ ಗುಂಪಿಗೆ ಎಂದಿನ ವ್ಯವಸ್ಥೆ. ಎರಡು ವರ್ಷಗಳವರೆಗಿನ ಅವಲೋಕನದಲ್ಲಿ ಮೊದಲ ಗುಂಪಿನ ಶೇ. 33, ಎರಡನೆಯದರ ಶೇ. 60, ಮೂರನೆಯದರ ಶೇ. 90 ಮಂದಿಗೆ ಹುಣ್ಣು ಮರುಕಳಿಸಿತು. ಗುಂಪುಗಳು ಚಿಕ್ಕವು ಎಂಬುದನ್ನು ನೆನಪಿಡಬೇಕು. ಆದರೂ ಇಲ್ಲಿ ಫಲ ಕೊಟ್ಟದ್ದು ದುಬಾರಿ ಯಂತ್ರವಲ್ಲ, ಹೊಸ ಔಷಧವೂ ಅಲ್ಲ. ರೋಗಿಯ ಬದುಕಿಗೆ ಹೊಂದುವ ತಿಳಿವಳಿಕೆ ಮತ್ತು ಅದನ್ನು ಮರೆಯಗೊಡದ ವಿಚಾರಣೆ.

ನಮ್ಮ ರಾಜ್ಯದಲ್ಲಿ ರಸ್ತೆ ಅಪಘಾತಗಳ ಜೊತೆಗೆ ಕಟ್ಟಡದಿಂದ, ತೆಂಗು ಅಡಿಕೆ ಮರಗಳಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಳ್ಳುವವರಿದ್ದಾರೆ. ಬೆಂಗಳೂರಿನಲ್ಲಿ 1959ರಿಂದ ದುಡಿಯುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆಯಂಥವು ಪುನರ್ವಸತಿಯ ಕೆಲಸ ಮಾಡುತ್ತ ಬಂದಿವೆ. ಆದರೆ ಪ್ರತಿ ಆಸ್ಪತ್ರೆಯೂ ಬಿಡುಗಡೆಯ ದಿನ ಅರ್ಧ ಗಂಟೆ ವ್ಯಯಿಸಿ ಮನೆಯವರಿಗೆ ಕೈಹಿಡಿದು ಕಲಿಸುವುದು, ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವುದು ದೊಡ್ಡ ವೆಚ್ಚದ ಮಾತಲ್ಲ. ಅಂಥ ವ್ಯವಸ್ಥೆ ಇಲ್ಲದ ಕಡೆ ಮನೆಯವರೇ ಕೇಳಿ ತಿಳಿಯಬೇಕಾದ ಪ್ರಶ್ನೆಗಳಿವೆ. ಹುಣ್ಣು ಯಾವ ಹಂತದ್ದಾಗಿತ್ತು? ಮೂಳೆಗೆ ಸೋಂಕಿತ್ತೇ, ಅದು ಪೂರ್ತಿ ಹೋಗಿದೆಯೇ? ದಿನಕ್ಕೆ ಎಷ್ಟು ಹೊತ್ತು ಕೂರಬಹುದು? ಯಾವ ಮೆತ್ತೆ, ಯಾವ ಹಾಸಿಗೆ? ಸಕ್ಕರೆ, ಹಿಮೋಗ್ಲೋಬಿನ್ ಪ್ರಮಾಣ ಎಷ್ಟಿರಬೇಕು? ಚರ್ಮ ಬಣ್ಣಗೆಟ್ಟರೆ ಯಾರನ್ನು ಸಂಪರ್ಕಿಸಬೇಕು?

ತಡಮಾಡಬಾರದ ಸಂದರ್ಭಗಳು

ಹಳೆಯ ಹುಣ್ಣಿನ ಜಾಗದಲ್ಲಿ ಬಾವು, ದುರ್ವಾಸನೆ ಅಥವಾ ಸ್ರಾವ, ಕಾರಣ ತಿಳಿಯದ ಜ್ವರ ಹಾಗೂ ಚಳಿ, ಮಂಪರು ಅಥವಾ ಗೊಂದಲ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಏರುವುದು, ಇವು ಸೋಂಕು ರಕ್ತಕ್ಕೆ ಹಬ್ಬುತ್ತಿರುವುದರ ಲಕ್ಷಣಗಳಾಗಿರಬಹುದು. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಹುಣ್ಣಿನ ನೋವು ತಿಳಿಯದು. ಆದರೆ ತಲೆ ಸಿಡಿಯುವಂಥ ನೋವು, ಮುಖದಲ್ಲಿ ಬೆವರು, ಏಕಾಏಕಿ ಏರಿದ ರಕ್ತದೊತ್ತಡಗಳ ಮೂಲಕ ದೇಹ ಅದನ್ನು ಸೂಚಿಸಬಹುದು. ಇದು ತುರ್ತು ಪರಿಸ್ಥಿತಿ. ಹಲವು ವರ್ಷಗಳಿಂದ ಮಾಗದೆ ಉಳಿದ ಹುಣ್ಣಿನ ಅಂಚು ದಪ್ಪವಾಗಿ ಹೂಕೋಸಿನಂತೆ ಬೆಳೆದರೆ ಕ್ಯಾನ್ಸರಿನ ಪರೀಕ್ಷೆಯೂ ಅಗತ್ಯ.

ಬಣ್ಣಗೆಟ್ಟ ಚರ್ಮವನ್ನು ಅಂದೇ ಗುರುತಿಸಿ ಆ ಜಾಗದ ಮೇಲಿನ ಭಾರವನ್ನು ಪೂರ್ತಿಯಾಗಿ ತೆಗೆದರೆ ಕೆಲವೇ ದಿನಗಳಲ್ಲಿ ಅದು ಸರಿಹೋಗಬಹುದು. ಅದನ್ನೇ ವಾರ ಕಾಲ ಕಡೆಗಣಿಸಿದರೆ ಮತ್ತೆ ತಿಂಗಳುಗಟ್ಟಲೆ ಹಾಸಿಗೆ, ಮತ್ತೊಂದು ಶಸ್ತ್ರಚಿಕಿತ್ಸೆ, ಕೈತಪ್ಪಿದ ದುಡಿಮೆ. ಹುಣ್ಣು ಮಾಗಿದ ದಿನವನ್ನು ಚಿಕಿತ್ಸೆಯ ಕೊನೆಯ ದಿನವೆಂದು ಎಣಿಸದೆ ಎಚ್ಚರದ ಮೊದಲ ದಿನವೆಂದು ಎಣಿಸುವ ಮನೆಗಳಲ್ಲಿ ಅದು ಮರಳುವ ಸಾಧ್ಯತೆ ಕಡಿಮೆ.